‘ಕಾಣಲೇ ಇಲ್ಲ’ ಎಂಬ ಮಾತಿನ ಹಿಂದೆ: ಚಲಿಸುವ ವಸ್ತು, ಅದರ ಹಿನ್ನೆಲೆ ಮತ್ತು ಊರಿನ ಕೂಡುರಸ್ತೆ

(ಗ್ರಾಮ ಪಂಚಾಯಿತಿಗಳ ಚುನಾಯಿತ ಪ್ರತಿನಿಧಿಗಳು ಹಾಗೂ ಸಿಬ್ಬಂದಿಯ ಅಧ್ಯಯನಕ್ಕಾಗಿ)

ಪೀಠಿಕೆ

ಗ್ರಾಮೀಣ ರಸ್ತೆಯಲ್ಲಿ ಅಪಘಾತ ಸಂಭವಿಸಿದಾಗ ವಾಹನ ಚಾಲಕರ ಬಾಯಿಂದ ಸಾಮಾನ್ಯವಾಗಿ ಎರಡು ಮಾತುಗಳು ಹೊರಡುತ್ತವೆ. ‘ಇದ್ದಕ್ಕಿದ್ದಂತೆ ಅಡ್ಡ ಬಂದರು’ ಎಂಬುದು ಒಂದು. ‘ನನಗೆ ಕಾಣಲೇ ಇಲ್ಲ’ ಎಂಬುದು ಇನ್ನೊಂದು. ಕೇಳಿದವರು ಇದನ್ನು ನೆಪವೆಂದು ಭಾವಿಸುವುದು ಸಹಜ. ಕೆಲವೊಮ್ಮೆ ಅದು ನೆಪವೇ ಆಗಿರಲೂಬಹುದು. ಆದರೆ ಕಣ್ಣಿನಲ್ಲಿ ದೋಷವಿಲ್ಲದ, ಮದ್ಯ ಸೇವಿಸದ, ಮೊಬೈಲ್ ಹಿಡಿಯದ, ರಸ್ತೆಯ ಕಡೆಗೇ ನೋಡುತ್ತಿದ್ದ ಚಾಲಕನಿಗೂ ಎದುರಿಗೆ ನಡೆದು ಬರುತ್ತಿರುವ ಎಮ್ಮೆಯಾಗಲಿ, ಸೈಕಲ್ ಆಗಲಿ, ಶಾಲೆ ಬಿಟ್ಟು ಬರುತ್ತಿರುವ ಬಾಲಕಿಯಾಗಲಿ ಕಾಣದೆ ಹೋಗುವುದು ಸಾಧ್ಯ. ಇದು ದೃಷ್ಟಿ ವಿಜ್ಞಾನವು ದೀರ್ಘಕಾಲದಿಂದ ಅಧ್ಯಯನ ಮಾಡಿರುವ ಸಂಗತಿ.

ಕಾಣುವಿಕೆಯು ಕಣ್ಣಿನ ಶಕ್ತಿಯಿಂದ ಮಾತ್ರ ನಿರ್ಧಾರವಾಗುವುದಿಲ್ಲ. ವಸ್ತುವಿನ ಹಿಂದೆ ಏನಿದೆ, ಅದರ ಮೇಲೆ ಯಾವ ಬೆಳಕು ಬೀಳುತ್ತಿದೆ, ಸುತ್ತಮುತ್ತ ಗಮನ ಸೆಳೆಯುವ ಇತರ ವಸ್ತುಗಳು ಎಷ್ಟಿವೆ ಎಂಬುದೂ ಅಷ್ಟೇ ಮುಖ್ಯ. ಊರುಗಳಲ್ಲಿ ನೇತ್ರ ತಪಾಸಣಾ ಶಿಬಿರಗಳು ನಡೆಯುತ್ತವೆ. ಕನ್ನಡಕ ವಿತರಣೆಯೂ ಆಗುತ್ತದೆ. ಆದರೆ ಆ ಕಣ್ಣು ನೋಡಬೇಕಾದ ಪರಿಸರದ ತಪಾಸಣೆ ನಡೆಯುವುದು ಅಪರೂಪ. ರಸ್ತೆ ಬದಿಯ ಗಿಡಗಂಟಿ, ಬೀದಿದೀಪ, ಫ್ಲೆಕ್ಸ್ ಫಲಕ, ಗೋಡೆಯ ಬಣ್ಣ ಮುಂತಾದವು ಬಹುಮಟ್ಟಿಗೆ ಗ್ರಾಮ ಪಂಚಾಯಿತಿಯ ಕೈಯಲ್ಲಿಯೇ ಇರುವ ಸಂಗತಿಗಳು. ಆದ್ದರಿಂದ ಈ ಪಾಠವು ಆರೋಗ್ಯ ಇಲಾಖೆಗೆ ಅಥವಾ ಪೊಲೀಸ್ ಇಲಾಖೆಗೆ ಮಾತ್ರ ಸಂಬಂಧಿಸಿದ್ದಲ್ಲ.

1. ಕಣ್ಣು ಚಲಿಸುವ ವಸ್ತುವನ್ನು ನೋಡುವ ಬಗೆ

ಕೈಯನ್ನು ಪೂರ್ಣವಾಗಿ ಮುಂದಕ್ಕೆ ಚಾಚಿ ಹೆಬ್ಬೆರಳನ್ನು ನೋಡಿದಾಗ ಉಗುರಿನ ಅಗಲವು ಕಣ್ಣಿನಲ್ಲಿ ಸುಮಾರು 2 ಡಿಗ್ರಿ ಕೋನವನ್ನು ಆಕ್ರಮಿಸುತ್ತದೆ. ಒಂದು ಕ್ಷಣದಲ್ಲಿ ಮನುಷ್ಯನು ಅತ್ಯಂತ ಸ್ಪಷ್ಟವಾಗಿ ನೋಡಬಲ್ಲ ಪ್ರದೇಶವು ಹೆಚ್ಚುಕಡಿಮೆ ಅಷ್ಟೇ. ಅಕ್ಷಿಪಟಲದ ನಡುವೆ ಇರುವ ಸಣ್ಣ ಗುಳಿಯಂತಹ ಭಾಗವು ಈ ಸೂಕ್ಷ್ಮ ನೋಟವನ್ನು ಒದಗಿಸುತ್ತದೆ. ಉಳಿದ ವಿಶಾಲ ಭಾಗವು ವಿವರಗಳನ್ನು ಮಸುಕಾಗಿ ಗ್ರಹಿಸುತ್ತದೆ. ಆದರೆ ಅಲುಗಾಟವನ್ನು ಗುರುತಿಸುವುದರಲ್ಲಿ ಚುರುಕಾಗಿರುತ್ತದೆ. ಅಂಚುಗಣ್ಣಿನಲ್ಲಿ ಏನೋ ಅಲುಗಿದಂತಾದಾಗ ತಲೆ ತಾನಾಗಿಯೇ ಆ ಕಡೆಗೆ ತಿರುಗುವುದು ಇದೇ ಕಾರಣದಿಂದ.

ಚಲಿಸುವ ವಸ್ತುವನ್ನು ಸ್ಪಷ್ಟವಾಗಿ ನೋಡಬೇಕಾದರೆ ಕಣ್ಣು ಅದನ್ನು ಹಿಂಬಾಲಿಸಿ, ಅದರ ಬಿಂಬವನ್ನು ನಡುವಿನ ಸೂಕ್ಷ್ಮ ಭಾಗದಲ್ಲಿಯೇ ಹಿಡಿದಿಟ್ಟುಕೊಳ್ಳಬೇಕು. ವಸ್ತುವು ವೇಗವಾಗಿ ಅಡ್ಡಹಾಯ್ದಷ್ಟೂ ಈ ಹಿಡಿತ ಸಡಿಲವಾಗುತ್ತದೆ. ಗೋಡೆಯ ಮೇಲಿನ ಅಕ್ಷರಫಲಕವನ್ನು ಸಲೀಸಾಗಿ ಓದಬಲ್ಲ ವ್ಯಕ್ತಿಯು ಓಡುತ್ತಿರುವ ಬಸ್ಸಿನ ಮಾರ್ಗಫಲಕವನ್ನು ಓದಲಾರದೆ ಹೋಗಬಹುದು. ಹಿನ್ನೆಲೆಯ ಪಾತ್ರವೂ ಇಲ್ಲಿಯೇ ಆರಂಭವಾಗುತ್ತದೆ. ಹಿನ್ನೆಲೆಯು ಬರಿದಾಗಿದ್ದರೆ ಕಣ್ಣು ಸುಲಭವಾಗಿ ಹಿಂಬಾಲಿಸುತ್ತದೆ. ಹಿನ್ನೆಲೆಯಲ್ಲಿ ಗೆರೆ, ಎಲೆ, ಅಕ್ಷರ, ಚಿತ್ರಗಳು ತುಂಬಿದ್ದರೆ ಹಿಂಬಾಲಿಸುವ ಚಲನೆಯು ತುಸು ಹಿಂದೆ ಬೀಳುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕಣ್ಣು ಒಂದು ಬಿಂದುವಿನಿಂದ ಮತ್ತೊಂದು ಬಿಂದುವಿಗೆ ಜಿಗಿಯುವ ಅತ್ಯಲ್ಪ ಕಾಲದಲ್ಲಿ ನೋಟವು ಬಹುತೇಕ ಸ್ಥಗಿತಗೊಂಡಿರುತ್ತದೆ. ಕೂಡುರಸ್ತೆಯಲ್ಲಿ ಬಲಕ್ಕೊಮ್ಮೆ ಎಡಕ್ಕೊಮ್ಮೆ ಥಟ್ಟನೆ ತಲೆ ತಿರುಗಿಸಿದವನು ರಸ್ತೆಯನ್ನೆಲ್ಲಾ ನೋಡಿದೆನೆಂದು ಭಾವಿಸುತ್ತಾನೆ. ವಾಸ್ತವವಾಗಿ ಅವನು ನಾಲ್ಕಾರು ಬಿಂದುಗಳನ್ನು ಮಾತ್ರ ನೋಡಿರುತ್ತಾನೆ. ಆ ಬಿಂದುಗಳ ನಡುವಿನ ಸೈಕಲ್ ಸವಾರನು ಅವನ ಪಾಲಿಗೆ ಇರುವುದೇ ಇಲ್ಲ.

2. ಹಿನ್ನೆಲೆಯೊಂದಿಗೆ ಬೆರೆತುಹೋಗುವುದು

ವಸ್ತುವು ಕಾಣಬೇಕಾದರೆ ಅದು ತನ್ನ ಹಿನ್ನೆಲೆಗಿಂತ ಹೆಚ್ಚು ಬೆಳ್ಳಗೆ ಅಥವಾ ಹೆಚ್ಚು ಕಪ್ಪಗೆ ಇರಬೇಕು. ಇಂಗ್ಲಿಷಿನ ಕಾಂಟ್ರಾಸ್ಟ್ ಎಂಬ ಪದವು ಇದನ್ನೇ ಸೂಚಿಸುತ್ತದೆ. ಈ ಪಾಠದಲ್ಲಿ ಇದನ್ನು ‘ಬೆಳಕಿನ ಭೇದ’ ಎಂದು ಕರೆಯಲಾಗಿದೆ.

ಇದಕ್ಕೆ ಎಲ್ಲರಿಗೂ ಪರಿಚಿತವಾದ ಉದಾಹರಣೆ ಕ್ರಿಕೆಟ್ ಮೈದಾನದಲ್ಲಿದೆ. ಬೌಲರ್‌ನ ಬೆನ್ನ ಹಿಂದೆ, ಗಡಿಗೆರೆಯ ಆಚೆ, ದೊಡ್ಡದೊಂದು ಬರಿಯ ಪರದೆಯನ್ನು ನಿಲ್ಲಿಸಲಾಗುತ್ತದೆ. ಕೆಂಪು ಚೆಂಡಿನ ಪಂದ್ಯದಲ್ಲಿ ಆ ಪರದೆಯು ಬಿಳಿ. ಬಿಳಿ ಚೆಂಡಿನ ಪಂದ್ಯದಲ್ಲಿ ಕಪ್ಪು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬ್ಯಾಟ್ಸ್‌ಮನ್‌ನನ್ನು ತಲುಪಲು ಅರ್ಧ ಸೆಕೆಂಡಿನಷ್ಟು ಸಮಯವೂ ಬೇಕಾಗುವುದಿಲ್ಲ. ಆ ಅವಧಿಯಲ್ಲಿ ಚೆಂಡು ಪ್ರೇಕ್ಷಕರ ಬಣ್ಣಬಣ್ಣದ ಅಂಗಿಗಳ ನಡುವೆ ಕಳೆದುಹೋಗಬಾರದು ಎಂಬುದೇ ಪರದೆಯ ಉದ್ದೇಶ. ಪರದೆಯ ಬಳಿ ಯಾರಾದರೂ ಓಡಾಡಿದರೆ ಬ್ಯಾಟ್ಸ್‌ಮನ್ ಕೈಯೆತ್ತಿ ಆಟ ನಿಲ್ಲಿಸುತ್ತಾನೆ. ಹಗಲು–ರಾತ್ರಿ ಟೆಸ್ಟ್ ಪಂದ್ಯಗಳು 2015ರಲ್ಲಿ ಅಡಿಲೇಡ್‌ನಲ್ಲಿ ಆರಂಭವಾದಾಗ ಕೆಂಪು ಚೆಂಡನ್ನು ಕೈಬಿಟ್ಟು ಗುಲಾಬಿ ಚೆಂಡನ್ನು ಬಳಸಲಾಯಿತು. ದೀಪದ ಬೆಳಕಿನಲ್ಲಿ ಕೆಂಪು ಚೆಂಡು ಸರಿಯಾಗಿ ಕಾಣುವುದಿಲ್ಲವೆಂಬುದೇ ಅದಕ್ಕೆ ಕಾರಣ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೂ 2022ರ ಮಾರ್ಚ್‌ನಲ್ಲಿ ಗುಲಾಬಿ ಚೆಂಡಿನ ಟೆಸ್ಟ್ ನಡೆಯಿತು. ಕ್ರೀಡೆಯು ಒಂದು ಚೆಂಡಿಗಾಗಿ ಇಷ್ಟು ಎಚ್ಚರ ವಹಿಸುತ್ತದೆ. ಊರಿನ ಶಾಲೆಯ ಮುಂದೆ ರಸ್ತೆ ದಾಟುವ ಮಗುವಿನ ಹಿಂದೆ ಯಾವ ‘ಪರದೆ’ ಇದೆ ಎಂಬುದನ್ನು ಪರಿಶೀಲಿಸಿದವರು ವಿರಳ.

ಸಂಜೆಯ ಹೊತ್ತಿನಲ್ಲಿ ಈ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ. ಡಾಂಬರು ರಸ್ತೆಯ ಮೇಲೆ ಎಮ್ಮೆ, ಹೊಸದಾಗಿ ಉತ್ತ ಎರೆಭೂಮಿಯ ಅಂಚಿನಲ್ಲಿ ಕಪ್ಪು ಕಂಬಳಿ ಹೊದ್ದ ಕುರಿಗಾಹಿ, ಬಳ್ಳಾರಿ ಜಾಲಿಯ ಪೊದೆಯ ಮುಂದೆ ಹಸಿರು ಸಮವಸ್ತ್ರದ ವಿದ್ಯಾರ್ಥಿ, ಇವೆಲ್ಲವೂ ಹಿನ್ನೆಲೆಯೊಂದಿಗೆ ಬೆರೆತುಹೋಗುವ ಉದಾಹರಣೆಗಳು. ಕೆಂಪು ಬಣ್ಣದ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಬೆಳಕು ಕುಂದಿದಂತೆ ಕಣ್ಣಿಗೆ ಕೆಂಪು ಬಣ್ಣವು ಬೇಗನೆ ಕಪ್ಪಾಗಿ, ನೀಲಿ ಹಾಗೂ ಹಸಿರು ಬಣ್ಣಗಳು ಹೋಲಿಕೆಯಲ್ಲಿ ತಿಳಿಯಾಗಿ ತೋರುತ್ತವೆ. ಈ ಬದಲಾವಣೆಯನ್ನು 19ನೆಯ ಶತಮಾನದಲ್ಲಿ ಗುರುತಿಸಿದ ಪುರ್ಕಿಂಜೆ ಎಂಬ ವಿಜ್ಞಾನಿಯ ಹೆಸರಿನಿಂದಲೇ ಅದು ಪ್ರಸಿದ್ಧವಾಗಿದೆ. ಮಧ್ಯಾಹ್ನ ದೂರದಿಂದಲೇ ಎದ್ದು ಕಾಣುವ ಕೆಂಪು ಸೀರೆಯು ಗೋಧೂಳಿ ಸಮಯದಲ್ಲಿ ಕಪ್ಪು ಸೀರೆಗೆ ಸಮಾನ. ‘ಬಣ್ಣದ ಬಟ್ಟೆ ಉಟ್ಟಿದ್ದೇನೆ, ಕಾಣುತ್ತೇನೆ’ ಎಂಬ ಭಾವನೆಯು ಆ ಹೊತ್ತಿನಲ್ಲಿ ರಕ್ಷಣೆ ನೀಡಲಾರದು.

3. ಹಿನ್ನೆಲೆಯು ವೇಗವನ್ನು ತಪ್ಪಾಗಿ ತೋರಿಸುವುದು

ವಸ್ತುವು ಕಂಡರೂ ಅದರ ಚಲನೆಯನ್ನು ಸರಿಯಾಗಿ ಅಂದಾಜಿಸುವುದು ಬೇರೆಯೇ ಕೆಲಸ. ಮೋಡಗಳ ನಡುವೆ ಚಂದ್ರನು ಓಡುತ್ತಿರುವಂತೆ ತೋರುವುದನ್ನು ಮಕ್ಕಳೂ ಬಲ್ಲರು. ಓಡುತ್ತಿರುವುದು ಮೋಡ. ಆದರೆ ದೊಡ್ಡದಾದ ಹಿನ್ನೆಲೆಯನ್ನು ಮನಸ್ಸು ಸ್ಥಿರವೆಂದು ಭಾವಿಸಿ, ಚಲನೆಯನ್ನು ಸಣ್ಣ ವಸ್ತುವಿನ ಮೇಲೆ ಹೊರಿಸುತ್ತದೆ. ಕಾರ್ಲ್ ಡಂಕರ್ ಎಂಬ ಮನಶ್ಶಾಸ್ತ್ರಜ್ಞನು 1929ರಲ್ಲಿಯೇ ಈ ಭ್ರಮೆಯನ್ನು ಪ್ರಯೋಗಗಳ ಮೂಲಕ ವಿವರಿಸಿದನು. ರೈಲ್ವೆ ನಿಲ್ದಾಣದಲ್ಲಿ ಪಕ್ಕದ ರೈಲು ಹೊರಟಾಗ ತಾವು ಕುಳಿತ ರೈಲೇ ಹೊರಟಿತೆಂದು ಭಾಸವಾಗುವುದೂ ಇದೇ ಜಾತಿಯದು.

ಬೆಳಕಿನ ಭೇದ ಕಡಿಮೆಯಾದಾಗ ಚಲನೆಯ ವೇಗವೂ ಕಡಿಮೆಯೆಂದು ತೋರುತ್ತದೆ. ಪೀಟರ್ ಥಾಮ್ಸನ್ 1982ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ವೇಗದಲ್ಲಿ ಚಲಿಸುವ ಎರಡು ಪಟ್ಟೆ ಚಿತ್ರಗಳ ಪೈಕಿ ಮಸುಕಾದುದು ನಿಧಾನವಾಗಿ ಚಲಿಸುವಂತೆ ಕಂಡಿತು. 1998ರಲ್ಲಿ ಸ್ನೋಡೆನ್ ಮತ್ತು ಸಂಗಡಿಗರು ಕೃತಕ ಚಾಲನಾ ಯಂತ್ರದಲ್ಲಿ ನಡೆಸಿದ ಅಧ್ಯಯನದಲ್ಲಿ, ದೃಶ್ಯವು ಮಂಜು ಕವಿದಂತೆ ಮಸುಕಾದಾಗ ಚಾಲಕರು ತಮಗೆ ಅರಿವಿಲ್ಲದೆ ವೇಗವನ್ನು ಹೆಚ್ಚಿಸಿದರು. 2012ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು ಭಿನ್ನ ಫಲಿತಾಂಶ ನೀಡಿತು: ನಿಜವಾದ ಮಂಜಿನಲ್ಲಿ ಆಗುವಂತೆ ಹತ್ತಿರದ ರಸ್ತೆ ಸ್ಪಷ್ಟವಾಗಿದ್ದು ದೂರದ್ದು ಮಾತ್ರ ಮಸುಕಾದಾಗ ಚಾಲಕರು ವೇಗವನ್ನು ತಗ್ಗಿಸಿದರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಖಚಿತವಾಗುತ್ತದೆ: ಮಂಜು, ಹೊಗೆ ಅಥವಾ ಧೂಳಿನಲ್ಲಿ ವೇಗದ ಬಗ್ಗೆ ಕಣ್ಣು ನೀಡುವ ಅಂದಾಜನ್ನು ನಂಬುವಂತಿಲ್ಲ. ವೇಗವನ್ನು ಸ್ಪೀಡೋಮೀಟರ್‌ನಲ್ಲಿಯೇ ನೋಡಿಕೊಳ್ಳಬೇಕು. ಕಬ್ಬಿನ ರವದಿಗೆ ಅಥವಾ ಕಸದ ರಾಶಿಗೆ ಬೆಂಕಿ ಹಚ್ಚಿ ರಸ್ತೆಗೆ ಹೊಗೆ ಬಿಡುವುದು ಎಷ್ಟು ಅಪಾಯಕಾರಿ ಎಂಬುದೂ ಇದರಿಂದ ಸ್ಪಷ್ಟವಾಗುತ್ತದೆ.

ವಾಹನದ ಗಾತ್ರವೂ ಅಂದಾಜನ್ನು ಕೆಡಿಸುತ್ತದೆ. ರೈಲ್ವೆ ಕ್ರಾಸಿಂಗ್ ಅಪಘಾತಗಳ ಕುರಿತು 1985ರಲ್ಲಿ ಬರೆದ ಹರ್ಷೆಲ್ ಲೀಬೊವಿಟ್ಜ್ ಅವರ ಅಭಿಪ್ರಾಯದಂತೆ, ದೊಡ್ಡ ವಸ್ತುವು ಅದೇ ವೇಗದ ಸಣ್ಣ ವಸ್ತುವಿಗಿಂತ ನಿಧಾನವಾಗಿ ಬರುತ್ತಿರುವಂತೆ ತೋರುತ್ತದೆ. ಬ್ರಾಡ್‌ಗೇಜ್ ಮಾರ್ಗಗಳಲ್ಲಿನ ಕಾವಲುರಹಿತ ಕ್ರಾಸಿಂಗ್‌ಗಳನ್ನು ಭಾರತೀಯ ರೈಲ್ವೆಯು 2019ರ ಆರಂಭದ ವೇಳೆಗೆ ತೆಗೆದುಹಾಕಿದೆ. ಆದರೂ ಹಳಿಯನ್ನು ಕಾಲ್ನಡಿಗೆಯಲ್ಲಿ ದಾಟುವ ಅಭ್ಯಾಸವಿರುವ ಊರುಗಳಲ್ಲಿ ‘ರೈಲು ಇನ್ನೂ ದೂರವಿದೆ’ ಎಂಬ ಕಣ್ಣಂದಾಜು ಇಂದಿಗೂ ಪ್ರಾಣಾಂತಿಕವೇ.

4. ಡಿಕ್ಕಿಯ ಹಾದಿಯಲ್ಲಿರುವ ವಾಹನ ಅಲುಗುವುದಿಲ್ಲ

ಕೂಡುರಸ್ತೆಯ ಅಪಘಾತಗಳಿಗೆ ಸಂಬಂಧಿಸಿದಂತೆ ಅತ್ಯಂತ ಮುಖ್ಯವಾದ, ಆದರೆ ಅಷ್ಟಾಗಿ ಪ್ರಚಾರವಿಲ್ಲದ ಸತ್ಯ ಇದು. ಒಂದು ಲೆಕ್ಕದ ಮೂಲಕ ಇದನ್ನು ಅರಿಯಬಹುದು.

ಹೊಲದ ಕಡೆಯ ರಸ್ತೆಯಿಂದ ಟ್ರ್ಯಾಕ್ಟರ್ ಒಂದು ಗಂಟೆಗೆ 20 ಕಿ.ಮೀ. ವೇಗದಲ್ಲಿ ಮುಖ್ಯರಸ್ತೆಯ ಕಡೆಗೆ ಬರುತ್ತಿದೆ ಎಂದು ಭಾವಿಸೋಣ. ಬಲಗಡೆಯಿಂದ ಮುಖ್ಯರಸ್ತೆಯಲ್ಲಿ ಬಸ್ಸು ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುತ್ತಿದೆ. ಎರಡೂ ಏಕಕಾಲಕ್ಕೆ ಕೂಡುರಸ್ತೆಯನ್ನು ತಲುಪಲಿವೆ. ತಲುಪಲು 10 ಸೆಕೆಂಡ್ ಇರುವಾಗ ಟ್ರ್ಯಾಕ್ಟರ್ 56 ಮೀಟರ್, ಬಸ್ಸು 167 ಮೀಟರ್ ದೂರದಲ್ಲಿರುತ್ತವೆ. 5 ಸೆಕೆಂಡ್ ಇರುವಾಗ 28 ಮೀಟರ್ ಮತ್ತು 83 ಮೀಟರ್. 2 ಸೆಕೆಂಡ್ ಇರುವಾಗ 11 ಮೀಟರ್ ಮತ್ತು 33 ಮೀಟರ್. ಪ್ರತಿ ಸಲವೂ ಬಸ್ಸಿನ ದೂರವು ಟ್ರ್ಯಾಕ್ಟರಿನ ದೂರದ ಮೂರು ಪಟ್ಟು. ಅಂದರೆ ಟ್ರ್ಯಾಕ್ಟರ್ ಚಾಲಕನ ಕಣ್ಣಿಗೆ ಬಸ್ಸು ಸದಾ ಒಂದೇ ದಿಕ್ಕಿನಲ್ಲಿ, ಬಲಭಾಗದ ಸುಮಾರು 72 ಡಿಗ್ರಿ ಕೋನದಲ್ಲಿ, ನಿಂತಂತೆ ಇರುತ್ತದೆ.

ಅಂಚುಗಣ್ಣು ಅಲುಗಾಟವನ್ನು ಗುರುತಿಸುವುದರಲ್ಲಿ ಚುರುಕು ಎಂಬುದನ್ನು ಈಗಾಗಲೇ ನೋಡಿದ್ದಾಯಿತು. ಆದರೆ ಡಿಕ್ಕಿಯ ಹಾದಿಯಲ್ಲಿರುವ ವಾಹನವು ನೋಟದಲ್ಲಿ ಅಲುಗುವುದೇ ಇಲ್ಲ. ಅಲುಗುತ್ತಿರುವುದು ಅಪಾಯವಿಲ್ಲದ ಇತರ ವಾಹನಗಳು. ಸಮುದ್ರಯಾನದಲ್ಲಿ ನಾವಿಕರಿಗೆ ಇದನ್ನು ನಿಯಮವಾಗಿಯೇ ಕಲಿಸಲಾಗುತ್ತದೆ: ಸಮೀಪಿಸುತ್ತಿರುವ ಹಡಗಿನ ದಿಕ್ಕು ಬದಲಾಗದಿದ್ದರೆ ಡಿಕ್ಕಿಯ ಅಪಾಯವಿದೆಯೆಂದು ತಿಳಿಯಬೇಕು. ಕಾರು ಅಥವಾ ಸರಕು ಸಾಗಣೆ ಆಟೊಗಳಲ್ಲಿ ಮುಂಗಾಜಿನ ಪಕ್ಕದ ಕಂಬಿಯು ಅದೇ ಕೋನದಲ್ಲಿ ಅಡ್ಡಬಂದರೆ ಎದುರಿನ ಮೋಟಾರ್ ಸೈಕಲ್ ಅನೇಕ ಸೆಕೆಂಡುಗಳ ಕಾಲ ಆ ಕಂಬಿಯ ಹಿಂದೆಯೇ ಅಡಗಿರಬಹುದು.

ಸಮೀಪಿಸುವ ವಾಹನದ ಗಾತ್ರವು ಬೆಳೆಯುವ ರೀತಿಯೂ ಮೋಸದಾಯಕ. 2.5 ಮೀಟರ್ ಅಗಲದ ಬಸ್ಸು 10 ಸೆಕೆಂಡ್ ದೂರದಲ್ಲಿ, ಚಾಚಿದ ಕೈಯ ಹೆಬ್ಬೆರಳಿನ ಅರ್ಧದಷ್ಟೂ ಅಗಲವಾಗಿ ಕಾಣುವುದಿಲ್ಲ. 5 ಸೆಕೆಂಡ್ ಇರುವಾಗಲೂ ಒಂದು ಹೆಬ್ಬೆರಳಿಗಿಂತ ಕಡಿಮೆ. 2 ಸೆಕೆಂಡ್ ಇರುವಾಗ ಎರಡು ಹೆಬ್ಬೆರಳು. 1 ಸೆಕೆಂಡ್ ಇರುವಾಗ ನಾಲ್ಕಕ್ಕೂ ಹೆಚ್ಚು. ಬಹಳ ಹೊತ್ತು ಸಣ್ಣದಾಗಿದ್ದು ಕೊನೆಯಲ್ಲಿ ಒಮ್ಮೆಲೇ ಉಬ್ಬುವುದರಿಂದಲೇ ‘ಇದ್ದಕ್ಕಿದ್ದಂತೆ ಬಂತು’ ಎಂಬ ಅನುಭವ ಉಂಟಾಗುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. 60 ಕಿ.ಮೀ. ವೇಗದ ವಾಹನವು ಅಪಾಯವನ್ನು ಗ್ರಹಿಸಿ ಸಂಪೂರ್ಣವಾಗಿ ನಿಲ್ಲಲು 80 ಮೀಟರ್, 40 ಕಿ.ಮೀ. ವೇಗದ ವಾಹನಕ್ಕೆ 45 ಮೀಟರ್ ಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ವಿನ್ಯಾಸ ಮಾನದಂಡಗಳು ಪರಿಗಣಿಸುತ್ತವೆ.

5. ಬೆಳಕು: ಇದ್ದರೆ ಸಾಲದು, ಇರಬೇಕಾದಲ್ಲಿ ಇರಬೇಕು

ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಪೂರ್ಣವಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಎದುರಿನ ವಾಹನದ ಪ್ರಖರ ದೀಪವು ಈ ಹೊಂದಾಣಿಕೆಯನ್ನು ಕ್ಷಣಾರ್ಧದಲ್ಲಿ ಕೆಡಿಸುತ್ತದೆ. ವಯಸ್ಸಾದವರಲ್ಲಿ ಚೇತರಿಕೆ ಇನ್ನೂ ನಿಧಾನ. 60 ವರ್ಷದವರ ಅಕ್ಷಿಪಟಲಕ್ಕೆ 20 ವರ್ಷದವರಿಗೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ತಲುಪುತ್ತದೆಂದು ಅಂದಾಜಿಸಲಾಗಿದೆ. ಆದ್ದರಿಂದ ಯುವ ಸದಸ್ಯರೊಬ್ಬರು ‘ಇಲ್ಲಿ ಬೆಳಕು ಸಾಕಷ್ಟಿದೆ’ ಎಂದು ಹೇಳಿದ ಮಾತ್ರಕ್ಕೆ ಊರಿನ ಹಿರಿಯರಿಗೂ ಸಾಕಷ್ಟಿದೆ ಎಂದು ತೀರ್ಮಾನಿಸಬಾರದು.

ಬೀದಿದೀಪದ ಸ್ಥಾನವು ಅದರ ವ್ಯಾಟ್‌ಗಿಂತ ಮುಖ್ಯ. ದೀಪವು ರಸ್ತೆ ದಾಟುವ ಸ್ಥಳದ ಆಚೆಗಿದ್ದರೆ ಪಾದಚಾರಿಯು ಬೆಳಗಿದ ರಸ್ತೆಯ ಮುಂದೆ ಕಪ್ಪು ನೆರಳಾಗಿ ಕಾಣುತ್ತಾನೆ. ವಾಹನದ ದೀಪವು ಅವನ ಮೇಲೆ ಬಿದ್ದಾಗ ಆ ಕಪ್ಪು ಸ್ವಲ್ಪ ಸ್ವಲ್ಪವೇ ಬೆಳಗುತ್ತಾ ಹೋಗಿ, ಒಂದು ಹಂತದಲ್ಲಿ ಅವನೂ ಹಿನ್ನೆಲೆಯೂ ಸಮಾನ ಬೆಳಕಿನವಾಗುತ್ತವೆ. ಆ ಕ್ಷಣದಲ್ಲಿ ದೀಪಗಳೆರಡೂ ಉರಿಯುತ್ತಿದ್ದರೂ ಮನುಷ್ಯನು ಕಣ್ಮರೆಯಾಗುತ್ತಾನೆ. ದೀಪದ ಕಂಬವನ್ನು ದಾಟುವ ಸ್ಥಳಕ್ಕಿಂತ ಸ್ವಲ್ಪ ಮೊದಲು, ವಾಹನ ಬರುವ ದಿಕ್ಕಿನಲ್ಲಿ ನಿಲ್ಲಿಸಿದರೆ ಪಾದಚಾರಿಯ ಮೈಮೇಲೆ ಬೆಳಕು ಬಿದ್ದು, ಹಿನ್ನೆಲೆ ಕತ್ತಲಾಗಿ, ಅವನು ಎದ್ದು ಕಾಣುತ್ತಾನೆ. ಎರಡೂ ದಿಕ್ಕಿನ ಸಂಚಾರವಿರುವಲ್ಲಿ ಎರಡೂ ಬದಿಗೆ ಒಂದೊಂದು ದೀಪ ಸೂಕ್ತ.

ಯಂತ್ರಗಳಿರುವ ಒಳಾಂಗಣದಲ್ಲಿ ಬೇರೊಂದು ಬಗೆಯ ಅಪಾಯವಿದೆ. ವಿದ್ಯುತ್ ಪೂರೈಕೆಯು 50 ಹರ್ಟ್ಸ್ ಆಗಿರುವುದರಿಂದ ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್‌ನ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ನಿಮಿಷಕ್ಕೆ 1500 ಸುತ್ತು, ಅಂದರೆ ಸೆಕೆಂಡಿಗೆ 25 ಸುತ್ತು ತಿರುಗುವ ನಾಲ್ಕು ಕಡ್ಡಿಗಳ ಚಕ್ರವು ಈ ಬೆಳಕಿನಲ್ಲಿ ನಿಂತಂತೆ ಕಾಣಬಹುದು. 25ನ್ನು 4ರಿಂದ ಗುಣಿಸಿದರೆ 100. ನಿಮಿಷಕ್ಕೆ 1440 ಸುತ್ತಿನ ಚಕ್ರವಾದರೆ ನಿಧಾನವಾಗಿ ಹಿಮ್ಮುಖವಾಗಿ ತಿರುಗುವಂತೆ ತೋರುತ್ತದೆ. ಹಿಟ್ಟಿನ ಗಿರಣಿ, ಮೇವು ಕತ್ತರಿಸುವ ಯಂತ್ರ, ಪಂಪ್‌ಹೌಸ್ ಇರುವಲ್ಲಿ ಎಲೆಕ್ಟ್ರಾನಿಕ್ ಚೋಕ್ ಅಥವಾ ಉತ್ತಮ ಗುಣಮಟ್ಟದ, ಮಿನುಗದ ಎಲ್‌ಇಡಿ ದೀಪವನ್ನು ಅಳವಡಿಸುವುದು ಕ್ಷೇಮ. ಬೆಲ್ಟ್ ಮತ್ತು ಪುಲ್ಲಿಗಳಿಗೆ ಮುಚ್ಚಳವಿರುವುದು ಯಾವ ದೀಪವಿದ್ದರೂ ಕಡ್ಡಾಯವಾಗಬೇಕು.

6. ‘ರೇಡಿಯಂ’ ಎಂದರೇನು, ಎಲ್ಲಿ ಅಂಟಿಸಬೇಕು

ಜನರ ಮಾತಿನಲ್ಲಿ ‘ರೇಡಿಯಂ’ ಎನಿಸಿಕೊಂಡ ಪಟ್ಟಿಯಲ್ಲಿ ರೇಡಿಯಂ ಧಾತು ಇರುವುದಿಲ್ಲ. ಅದು ಸ್ವತಃ ಬೆಳಗುವುದೂ ಇಲ್ಲ. ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಗುಣ ಅದಕ್ಕಿದೆ. ಆದ್ದರಿಂದ ಕೆಸರು, ಧೂಳು ಅಥವಾ ಜೋತುಬಿದ್ದ ಕಬ್ಬಿನ ಗರಿಗಳಿಂದ ಮುಚ್ಚಿಹೋದ ಪಟ್ಟಿಯು ಇದ್ದೂ ಇಲ್ಲದಂತೆ. ಟ್ರೇಲರ್ ತುಂಬಿದ ನಂತರ ಪಟ್ಟಿ ಕಾಣುತ್ತಿದೆಯೇ ಎಂದು ಹಿಂದಿನಿಂದ ಟಾರ್ಚ್ ಹಾಕಿ ನೋಡುವುದು ಅರ್ಧ ನಿಮಿಷದ ಕೆಲಸ. ವಾಹನದ ಮುಂಭಾಗಕ್ಕೆ ಬಿಳಿ, ಬದಿಗಳಿಗೆ ಹಳದಿ, ಹಿಂಭಾಗಕ್ಕೆ ಕೆಂಪು ಪಟ್ಟಿ ಎಂಬುದು ಕ್ರಮ. ಜೋಡಿ ಟ್ರೇಲರ್‌ಗಳಲ್ಲಿ ಬದಿಯ ಪಟ್ಟಿಗಳು ವಿಶೇಷವಾಗಿ ಅಗತ್ಯ. ಟ್ರ್ಯಾಕ್ಟರಿನ ದೀಪ ದಾಟಿದ ಕೂಡಲೇ ರಸ್ತೆ ಖಾಲಿಯಾಯಿತೆಂದು ಭಾವಿಸಿ ಮೋಟಾರ್ ಸೈಕಲ್ ಸವಾರನು ನೇರವಾಗಿ ಟ್ರೇಲರ್‌ನ ಬದಿಗೆ ಹೋಗಿ ಬೀಳುವ ಸಂಭವವಿರುತ್ತದೆ.

ಪಾದಚಾರಿಗಳ ವಿಷಯದಲ್ಲಿ ಪಟ್ಟಿಯನ್ನು ಅಂಟಿಸುವ ಜಾಗಕ್ಕೆ ವಿಶೇಷ ಮಹತ್ವವಿದೆ. ಸ್ವೀಡನ್‌ನ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕತ್ತಲೆಯಲ್ಲಿ ನಡೆಯುವ ವ್ಯಕ್ತಿಯ ಕೀಲುಗಳಲ್ಲಿ ಮಾತ್ರ ಸಣ್ಣ ಬೆಳಕಿನ ಬಿಂದುಗಳಿದ್ದವು. ವ್ಯಕ್ತಿಯ ಆಕಾರ ಕಾಣದಿದ್ದರೂ ಬಿಂದುಗಳು ಅಲುಗಿದ ಕೂಡಲೇ ನೋಡುಗರು ‘ಮನುಷ್ಯ ನಡೆಯುತ್ತಿದ್ದಾನೆ’ ಎಂದು ಗುರುತಿಸಿದರು. ಬೆನ್ನಿನ ಮೇಲೆ ಒಂದೇ ಪಟ್ಟಿ ಇದ್ದರೆ ಚಾಲಕನು ಅದನ್ನು ಮೈಲಿಗಲ್ಲೆಂದೋ ಕಂಬವೆಂದೋ ಭಾವಿಸಬಹುದು. ಹಿಮ್ಮಡಿಯ ಮೇಲ್ಭಾಗ, ಮೊಣಕಾಲು ಹಾಗೂ ಮಣಿಕಟ್ಟಿನ ಬಳಿ ಇರುವ ಪಟ್ಟಿಗಳು ನಡಿಗೆಯ ಲಯವನ್ನೇ ತೋರಿಸುತ್ತವೆ. ಸೈಕಲ್‌ನ ಪೆಡಲ್‌ಗಳಿಗೆ ಅಂಟಿಸಿದ ಪಟ್ಟಿಯೂ ಮೇಲೆ ಕೆಳಗೆ ಆಡುತ್ತಾ ಇದೇ ಕೆಲಸ ಮಾಡುತ್ತದೆ. ಮುಂಜಾನೆ ಹಾಲು ಹಾಕಲು ಡೇರಿಗೆ ಹೋಗುವವರು, ನಸುಕಿನಲ್ಲಿ ಕೆಲಸಕ್ಕೆ ಹೊರಡುವ ಪೌರಕಾರ್ಮಿಕರು, ರಾತ್ರಿ ಪಾಳಿಯಲ್ಲಿ ನೀರು ಬಿಡುವ ನೀರಗಂಟಿಗಳು ಇದರಿಂದ ನೇರ ಪ್ರಯೋಜನ ಪಡೆಯುತ್ತಾರೆ.

7. ಕೂಡುರಸ್ತೆಯ ನೋಟ ಪರಿಶೀಲನೆ: ಗ್ರಾಮ ಪಂಚಾಯಿತಿಯ ಕಾರ್ಯವಿಧಾನ

ಪ್ರತಿ ಗ್ರಾಮ ಪಂಚಾಯಿತಿಯು ತನ್ನ ವ್ಯಾಪ್ತಿಯ ಅತಿ ಅಪಾಯಕಾರಿ ಮೂರು ಸ್ಥಳಗಳನ್ನು ಆರಿಸಿಕೊಂಡು ಕೆಳಕಂಡಂತೆ ಪರಿಶೀಲನೆ ನಡೆಸಬಹುದು. ಬೇಕಾಗುವ ಸಾಮಗ್ರಿ: 30 ಮೀಟರ್ ಟೇಪು, 1 ಮೀಟರ್ ಎತ್ತರದ ಒಂದು ಕೋಲು, ಟಾರ್ಚ್, ನೋಟ್‌ಬುಕ್. ತಂಡದಲ್ಲಿ ವಾರ್ಡಿನ ಸದಸ್ಯರು, ಬೀದಿದೀಪ ನೋಡಿಕೊಳ್ಳುವ ಸಿಬ್ಬಂದಿ, ಒಬ್ಬ ಶಿಕ್ಷಕರು, ಒಬ್ಬ ಟ್ರ್ಯಾಕ್ಟರ್ ಚಾಲಕರು ಹಾಗೂ 60 ವರ್ಷ ಮೀರಿದ ಒಬ್ಬ ಹಿರಿಯರು ಇರುವುದು ಒಳಿತು.

(ಅ) ಬೇಕಾದ ನೋಟದ ದೂರವನ್ನು ಲೆಕ್ಕ ಹಾಕುವುದು. ಜೋಡಿ ಟ್ರೇಲರ್ ಇರುವ ಟ್ರ್ಯಾಕ್ಟರ್ ನಿಂತಲ್ಲಿಂದ ಹೊರಟು ಮುಖ್ಯರಸ್ತೆಯನ್ನು ಪೂರ್ಣವಾಗಿ ದಾಟಲು ಎಷ್ಟು ಸೆಕೆಂಡ್ ಬೇಕೆಂದು ಗಡಿಯಾರ ಹಿಡಿದು ನೋಡಬೇಕು. ಅದು 10 ಸೆಕೆಂಡ್ ಆಗಿದ್ದು, ಮುಖ್ಯರಸ್ತೆಯ ವೇಗ 60 ಕಿ.ಮೀ. ಆಗಿದ್ದರೆ ಚಾಲಕನಿಗೆ 167 ಮೀಟರ್ ದೂರದವರೆಗೆ ರಸ್ತೆ ಕಾಣಬೇಕು. ಸೆಕೆಂಡಿಗೆ 1 ಮೀಟರ್ ನಡೆಯುವ ಮಗು ಅಥವಾ ವೃದ್ಧರು 7 ಮೀಟರ್ ರಸ್ತೆಯನ್ನು ದಾಟಲು 7 ಸೆಕೆಂಡ್ ಬೇಕು. ಅವರಿಗೆ 117 ಮೀಟರ್ ಕಾಣಬೇಕು. ವಾಹನಗಳ ವೇಗವು 40 ಕಿ.ಮೀ.ಗೆ ಇಳಿದರೆ 78 ಮೀಟರ್ ಸಾಕಾಗುತ್ತದೆ.

(ಆ) ಕಾಣುತ್ತಿರುವ ದೂರವನ್ನು ಅಳೆಯುವುದು. ಒಬ್ಬರು ಚಾಲಕನ ಸ್ಥಾನದಲ್ಲಿ ನಿಲ್ಲಬೇಕು. ಮತ್ತೊಬ್ಬರು 1 ಮೀಟರ್ ಕೋಲನ್ನು ಹಿಡಿದು ರಸ್ತೆಯಂಚಿನಲ್ಲಿ ಹಿಂದೆ ಹಿಂದೆ ಹೋಗಬೇಕು. ಕೋಲು ಕಣ್ಮರೆಯಾದ ಸ್ಥಳದವರೆಗಿನ ದೂರವೇ ಲಭ್ಯ ನೋಟದ ದೂರ. ಒಂದು ಮೀಟರ್ ಎಂದರೆ ಸಣ್ಣ ಶಾಲಾ ಮಗುವಿನ ಎತ್ತರ.

(ಇ) ಮೂರು ಹೊತ್ತಿನಲ್ಲಿ ನೋಡುವುದು. ಶಾಲೆ ಸೇರುವ ಹೊತ್ತು, ಸೂರ್ಯಾಸ್ತದ ಹೊತ್ತು ಹಾಗೂ ರಾತ್ರಿ ಎಂಟರ ನಂತರ. ಪೂರ್ವ–ಪಶ್ಚಿಮವಾಗಿ ಸಾಗುವ ರಸ್ತೆಗಳಲ್ಲಿ ಇಳಿಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುವುದನ್ನು ದಾಖಲಿಸಬೇಕು. ಬೆಳೆ ಎತ್ತರಕ್ಕೆ ಬಂದಾಗ ಮತ್ತೊಮ್ಮೆ ಪರಿಶೀಲಿಸಬೇಕು. ಬೇಸಿಗೆಯಲ್ಲಿ ಬಯಲಾಗಿದ್ದ ಮೂಲೆಯು ಮೆಕ್ಕೆಜೋಳದ ಕಾಲಕ್ಕೆ ಗೋಡೆಯಾಗಿರುತ್ತದೆ.

(ಈ) ಹಿನ್ನೆಲೆಯನ್ನು ಸರಿಪಡಿಸುವುದು. ಕೂಡುರಸ್ತೆಯ ನೋಟದ ಸಾಲಿನಲ್ಲಿರುವ ಜಾಲಿ, ಲಂಟಾನ ಮುಂತಾದವು ಮೊಣಕಾಲಿಗಿಂತ ಎತ್ತರ ಬೆಳೆಯದಂತೆ ಸವರಬೇಕು. ಜನರು ರಸ್ತೆ ದಾಟುವ ಸ್ಥಳದ ಹಿಂದೆ ಫ್ಲೆಕ್ಸ್ ಕಟ್ಟಲು ಅವಕಾಶ ನೀಡಬಾರದು. ಬಣ್ಣ ಬಣ್ಣದ ಮುಖಗಳ ನಡುವೆ ಜೀವಂತ ಮುಖ ಕಳೆದುಹೋಗುತ್ತದೆ. ಶಾಲೆಯ ಕಾಂಪೌಂಡ್ ಗೋಡೆಗೆ ರಸ್ತೆಯ ಬದಿಯಲ್ಲಿ ತಿಳಿಯಾದ ಒಂದೇ ಬಣ್ಣ ಬಳಿದು, ಚಿತ್ರ ಮತ್ತು ಘೋಷವಾಕ್ಯಗಳನ್ನು ಒಳಬದಿಗೆ ಬರೆಸಬಹುದು. ರಾಜ್ಯ ಹೆದ್ದಾರಿ ಅಥವಾ ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿ ಕೆಲಸ ಆಗಬೇಕಿದ್ದರೆ ಅಳತೆಗಳ ಸಹಿತ ಸಂಬಂಧಿಸಿದ ಇಲಾಖೆಗೆ ಪತ್ರ ಬರೆಯಬೇಕು. ‘ಅಪಾಯವಿದೆ’ ಎಂಬ ಪತ್ರಕ್ಕಿಂತ ‘167 ಮೀಟರ್ ಬೇಕಾದಲ್ಲಿ 40 ಮೀಟರ್ ಕಾಣುತ್ತಿದೆ’ ಎಂಬ ಪತ್ರಕ್ಕೆ ತೂಕ ಹೆಚ್ಚು.

(ಉ) ರೈತರೊಂದಿಗೆ ಮಾತುಕತೆ. ಮೂಲೆಯ ಜಮೀನಿನ ರೈತರಿಗೆ ನಷ್ಟವಾಗದಂತೆ ಈ ವಿಷಯವನ್ನು ನಿರ್ವಹಿಸಬೇಕು. ಟ್ರ್ಯಾಕ್ಟರ್ ಚಾಲಕನ ಕಣ್ಣು ರಸ್ತೆಯಂಚಿನಿಂದ 3 ಮೀಟರ್ ಒಳಗಿದ್ದು, ಬಸ್ಸು ಅಂಚಿನಿಂದ 2 ಮೀಟರ್ ಆಚೆ ಬರುತ್ತಿದ್ದರೆ, 167 ಮೀಟರ್ ನೋಟಕ್ಕೆ ಅಡ್ಡಬರುವ ಜಮೀನು 3 ಮೀಟರ್ ಅಗಲ, 100 ಮೀಟರ್ ಉದ್ದದ ಒಂದು ಕಿರಿದಾದ ತ್ರಿಕೋನ ಮಾತ್ರ. ಅದರ ವಿಸ್ತೀರ್ಣ 150 ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಗುಂಟೆ. ಅದರಲ್ಲಿಯೂ ಒಂದು ಭಾಗ ರಸ್ತೆಯ ಮಗ್ಗುಲಿಗೇ ಸೇರಿರುತ್ತದೆ. ಅಷ್ಟು ಜಾಗದಲ್ಲಿ ಕಬ್ಬು, ಜೋಳಗಳ ಬದಲು ಶೇಂಗಾ, ಹೆಸರು, ಅಲಸಂದೆಯಂತಹ ಗಿಡ್ಡ ಬೆಳೆ ಹಾಕಲು ಕೇಳಿಕೊಳ್ಳುವುದು ದೊಡ್ಡ ಬೇಡಿಕೆಯಲ್ಲ. ಅಳತೆಯನ್ನು ನೆಲದ ಮೇಲೆ ಸುಣ್ಣದಿಂದ ಗುರುತಿಸಿ ತೋರಿಸಿದರೆ ಮಾತು ಸುಲಭವಾಗುತ್ತದೆ. ಆ ರೈತರ ಮನೆಯ ಮಕ್ಕಳೂ ಅದೇ ರಸ್ತೆಯನ್ನು ದಾಟುವವರು.

(ಊ) ಚಾಲಕರಿಗೆ ತಿಳಿವಳಿಕೆ. ಕೂಡುರಸ್ತೆಯಲ್ಲಿ ಪೂರ್ಣವಾಗಿ ನಿಲ್ಲುವುದು; ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡುವುದು; ಪ್ರತಿ ಸಲವೂ ನೋಟವನ್ನು ಒಂದು ಕ್ಷಣ ನಿಲ್ಲಿಸುವುದು; ತಲೆಯನ್ನು ಹಿಂದೆ ಮುಂದೆ ಅಲುಗಿಸಿ ಕಂಬಿಯ ಹಿಂದೆ ಅಡಗಿದ್ದನ್ನು ಹೊರಗೆ ತರುವುದು. ದೂರದ ವಾಹನವು ನಿಂತಂತೆ ಕಂಡರೆ ಅದು ತನ್ನ ಕಡೆಗೇ ಬರುತ್ತಿರಬಹುದು ಎಂದು ಭಾವಿಸುವುದು.

ಉಪಸಂಹಾರ

ಮೇಲಿನ ಕ್ರಮಗಳಲ್ಲಿ ಹೆಚ್ಚಿನವುಗಳಿಗೆ ವಿಶೇಷ ಅನುದಾನವಾಗಲಿ, ದೊಡ್ಡ ಕಾಮಗಾರಿಯಾಗಲಿ ಬೇಕಿಲ್ಲ. ಕುಡುಗೋಲು, ಸುಣ್ಣ, ಟೇಪು ಹಾಗೂ ಒಂದು ಸಂಜೆಯ ಸಮಯ ಸಾಕು. ಚಾಲಕನ ಅಜಾಗರೂಕತೆಯನ್ನು ಈ ಪಾಠವು ಸಮರ್ಥಿಸುವುದಿಲ್ಲ. ವೇಗಮಿತಿ ಮತ್ತು ಎಚ್ಚರಿಕೆ ಅವನ ಹೊಣೆ. ಆದರೆ ಎಚ್ಚರದಿಂದ ನೋಡುವವನಿಗೂ ಕಾಣದಂತೆ ಇರುವ ರಸ್ತೆಯ ಹೊಣೆಯನ್ನು ಅವನೊಬ್ಬನ ಮೇಲೆ ಹೊರಿಸಲಾಗದು. ಅಪಘಾತವಾದ ಮರುದಿನ ಪೊದೆ ಕಡಿಯುವುದು, ದೀಪ ಹಾಕಿಸುವುದು ಎಲ್ಲೆಡೆ ಕಂಡುಬರುವ ರೂಢಿ. ಅದೇ ಕೆಲಸವನ್ನು ಹಿಂದಿನ ದಿನವೇ ಮಾಡುವುದಕ್ಕೆ ಬೇಕಾದ ತಿಳಿವಳಿಕೆ ಇಲ್ಲಿದೆ. ಮುಂದಿನ ಗ್ರಾಮಸಭೆಯಲ್ಲಿ ಮೂರು ಸ್ಥಳಗಳ ನೋಟದ ದೂರವನ್ನು ಓದಿ ಹೇಳಿದರೆ ಆರಂಭವಾದಂತೆ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಊರಿನ ಶಾಲೆಯ ಮುಂದೆ ರಸ್ತೆ ದಾಟುವ ಮಗುವಿನ ಹಿನ್ನೆಲೆಯಲ್ಲಿ ಏನಿದೆ? ಸಮವಸ್ತ್ರದ ಬಣ್ಣವು ಅದರಿಂದ ಬೇರೆಯಾಗಿ ಕಾಣುತ್ತದೆಯೇ?
2. ಬಸ್ ನಿಲ್ದಾಣದ ಬೀದಿದೀಪವು ಜನರು ರಸ್ತೆ ದಾಟುವ ಸ್ಥಳಕ್ಕಿಂತ ಮೊದಲಿದೆಯೇ, ನಂತರವಿದೆಯೇ?
3. 50 ಕಿ.ಮೀ. ವೇಗದ ವಾಹನವು ಸೆಕೆಂಡಿಗೆ 13.9 ಮೀಟರ್ ಚಲಿಸುತ್ತದೆ. 8 ಸೆಕೆಂಡಿನಲ್ಲಿ ರಸ್ತೆ ದಾಟುವ ಎತ್ತಿನ ಗಾಡಿಗೆ ಎಷ್ಟು ದೂರ ಕಾಣಬೇಕು? (ಉತ್ತರ: ಸುಮಾರು 111 ಮೀಟರ್)
4. ಕಳೆದ ವರ್ಷ ಊರಿನಲ್ಲಿ ‘ಕಾಣಲೇ ಇಲ್ಲ’ ಎಂಬ ಮಾತು ಕೇಳಿಬಂದ ಸ್ಥಳ ಯಾವುದು? ಅಲ್ಲಿ ಅದೇ ಹೊತ್ತಿನಲ್ಲಿ ನಿಂತು ಯಾರಾದರೂ ನೋಡಿದ್ದಾರೆಯೇ?